ನಮ್ಮದಲ್ಲ ಅಂದೆವು

ಮೂರನೆಯ ಪುಟದ ಕೆಳಗಡೆ, ಒಂದು ಸಾಲಿನ ತುದಿಯಲ್ಲಿ ಕೂತಿದ್ದ 'ವು' ಎಂಬ ಆ ಒಂದಕ್ಷರ ನೆಲ್ಸಿಯನ್ನು ಬೆಳಗಿನಿಂದ ಕಾಡುತ್ತಿತ್ತು. ಬೆರಳಿಟ್ಟು ಮುಚ್ಚಿದರೆ 'ಅಂದೆ' ಎಂದಷ್ಟೇ ಉಳಿಯುತ್ತಿತ್ತು. ಬೆರಳು ತೆಗೆದರೆ ಮತ್ತೆ 'ಅಂದೆವು'. ಸಿಗ್ನಲ್ಲಿನ ಕಂಬಕ್ಕೆ ಬೆನ್ನು ಕೊಟ್ಟು, 'ಸಜ್ಜದಡಿ' ಪತ್ರಿಕೆಯ ಹೊಸ ಸಂಚಿಕೆಯ ಕಟ್ಟನ್ನು ತೋಳಿಗೆ ಒರಗಿಸಿಕೊಂಡು, ಅವಳು ಐದಾರು ಸಲ ಹೀಗೆ ಮುಚ್ಚಿ ತೆರೆದು ನೋಡಿದಳು. ಶಾಯಿ ಇನ್ನೂ ಹಸಿಯಿತ್ತೋ, ಅವಳ ಬೆರಳೇ ಬೆವೆತಿತ್ತೋ, ತುದಿ ಕಪ್ಪಾಯಿತು, ಅಕ್ಷರ ಮಾತ್ರ ಹೋಗಲಿಲ್ಲ. ಅಲ್ಲಿಗೆ ಚಳಿಗಾಲವಾದ ಜುಲೈ ತಿಂಗಳ ಗಾಳಿ ಗ್ವಾಯಿಬ ಸರೋವರದ ನೀರಿನ ಮೇಲಿಂದ ಎದ್ದು ಬಂದು ಕಿವಿಯೊಳಕ್ಕೆ ಸೂಜಿ ಚುಚ್ಚುತ್ತಿತ್ತು. ಮೈಮೇಲಿದ್ದ ಪತ್ರಿಕೆಯ ಹಸಿರು ಅಂಗಿ ಚಳಿಗೆಂದು ಹೊಲಿಸಿದ್ದಲ್ಲ. ಇವಳು ಬೇಡುತ್ತಿಲ್ಲ, ಮಾರುತ್ತಿದ್ದಾಳೆ ಎಂದು ನೋಡುವವರಿಗೆ ತಿಳಿಯಲಿ ಎಂದು ಹೊಲಿಸಿದ್ದು. ತಿಳಿಯುತ್ತಿತ್ತೆಂದು ಹೇಳಲಾಗದು. ಆಗತಾನೆ ಬೂದುಬಣ್ಣದ ಕಾರಿನ ಹೆಂಗಸೊಬ್ಬಳು ಗಾಜನ್ನು ನಾಲ್ಕು ಬೆರಳಗಲ ಇಳಿಸಿ, ನಾಣ್ಯವನ್ನು ಇವಳ ಅಂಗೈಗೆ ತಾಗದಂತೆ ಮೇಲಿಂದ ಬಿಟ್ಟು, "ಪೇಪರ್ ಬೇಡಮ್ಮ, ನೀನೇ ಇಟ್ಕೊ" ಎಂದಿದ್ದಳು. ಅದರಲ್ಲಿ ನಾನು ಬರೆದದ್ದಿದೆ ಎನ್ನಲು ನೆಲ್ಸಿ ಬಾಯಿ ತೆರೆಯುವಷ್ಟರಲ್ಲಿ ಗಾಜು ಏರಿತ್ತು. ಬೈದು ಹೋದವರನ್ನು ನೆಲ್ಸಿ ಸಂಜೆಯೊಳಗೆ ಮರೆಯುತ್ತಾಳೆ. ಕಾಸು ಕೊಟ್ಟು ಕಾಗದ ಬಿಟ್ಟು ಹೋದವರನ್ನು ಮರೆಯಲಾರಳು. ನಿನ್ನ ಹೊಟ್ಟೆಯೇನೋ ಇದ್ದೀತು, ನಿನಗೊಂದು ತಲೆ ಯಾಕೆ ಎಂದು ಕೇಳಿದ ಹಾಗಿರುತ್ತದೆ ಅದು. ಆದರೆ ಇವತ್ತು ಆ ಗಾಜು ಏರಿದಾಗ ಒಳಗೊಳಗೇ ಒಂದು ಸಮಾಧಾನವೂ ಆಗಿತ್ತು. ಓದಲಿಲ್ಲವಲ್ಲ, ಸದ್ಯ. ಆ ಸಮಾಧಾನವನ್ನು ಕಂಡು ಅವಳಿಗೆ ನಾಣ್ಯಕ್ಕಿಂತ ಹೆಚ್ಚು ನಾಚಿಕೆಯಾಯಿತು.

ರಸ್ತೆಯಾಚೆಯ ಕಂಬದ ಬುಡ ಖಾಲಿಯಿತ್ತು. ಅದು ವಲ್ಮೋರ್ ತಾತನ ಕಂಬ. ನಾಲ್ಕು ವರ್ಷದಿಂದ ಅವನು ಆಚೆ, ಇವಳು ಈಚೆ. ಬೀಗ ಬಿದ್ದ ಚಪ್ಪಲಿ ಅಂಗಡಿಯೊಂದರ ಸಜ್ಜದ ಕೆಳಗೆ ಮಲಗುವಾಗ ಅವನು ಗೋಡೆಯ ಕಡೆ, ಇವಳು ಬೀದಿಯ ಕಡೆ. ಗಂಡಸು ಬೀದಿಯ ಕಡೆ ಮಲಗಬೇಕಲ್ಲವೇ ಎಂದು ಯಾರೋ ಛೇಡಿಸಿದಾಗ ಅವನು, "ಇವಳ ಗೊರಕೆ ಕೇಳಿ ಕಳ್ರು ಓಡ್ತಾರೆ, ನನ್ನದು ಕೇಳಿದ್ರೆ ಮರುಕ ಬಂದು ಹತ್ರ ಬರ್ತಾರೆ" ಅಂದಿದ್ದ. ಇವಳಿಗೆ ಅವನು ತಂದೆಯಲ್ಲ, ಗಂಡನಲ್ಲ, ಇವಳ ಊರಿನವನೂ ಅಲ್ಲ. ಅವನು ಪಕ್ಕದಲ್ಲಿದ್ದರೆ ನಿದ್ದೆ ಬರುತ್ತಿತ್ತು, ಅಷ್ಟೆ. ಅಷ್ಟೇ ಎಂಬುದು ಬೀದಿಯಲ್ಲಿ ಎಷ್ಟು ದೊಡ್ಡದೆಂದು ಕದ ಹಾಕಿ ಮಲಗುವವರಿಗೆ ಹೇಳಿ ತಿಳಿಸಲಾಗುವುದಿಲ್ಲ. ಹನ್ನೊಂದು ದಿನವಾಯಿತು ಅವನು ಸಜ್ಜದಡಿಗೆ ಬಾರದೆ. ಹೊಸ ಸಂಚಿಕೆಯ ಮೊದಲ ದಿನ ಯಾರೂ ತಮ್ಮ ಕಂಬ ಬಿಡುವುದಿಲ್ಲ. ಬಿಟ್ಟರೆ ಅದು ಇನ್ನೊಬ್ಬರದಾಗುತ್ತದೆ. ಇವತ್ತು ಮಧ್ಯಾಹ್ನದೊಳಗೆ ಅವನು ಬಾರದಿದ್ದರೆ ಇನ್ನು ಬರುವುದಿಲ್ಲ. ಇವಳು ಈ ಕಂಬದ ಹತ್ತಿರ, ಖಾಲಿ ಕಂಬವನ್ನು ನೋಡಿಕೊಂಡು, ತಾನು ಮಾಡಿದ್ದನ್ನು ತಾನೇ ಮಾರಿಕೊಂಡು ನಿಂತಿರಬೇಕು.

ಒಂದೂವರೆ ತಿಂಗಳ ಹಿಂದಿನ ಆ ಬೆಳಿಗ್ಗೆಯೂ ಇಂಥದ್ದೇ ಚಳಿ. ಮಾರುಕಟ್ಟೆಯ ಹಿಂದಿನ ಸ್ನಾನದ ಮನೆಯಲ್ಲಿ ಬಿಸಿನೀರು ಬಂದಿದೆಯೆಂದು ಸುದ್ದಿ ಸಿಕ್ಕಿ ವಲ್ಮೋರ್ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಮದುವೆಗೆ ಹೊರಟವನ ಹಾಗೆ ಹೊರಟ. ಹೋಗುವ ಮುಂಚೆ ತನ್ನ ನೀಲಿ ಚೀಲವನ್ನು ಕಾಲಿನಿಂದ ಇವಳ ಕಡೆ ತಳ್ಳಿ, "ನನ್ನ ಬಾಯಿ ನೋಡ್ಕೊಳೇ" ಅಂದ. ಬಾಯಿ ಎಂದರೆ ಹಲ್ಲು. ಪೀಚ್ ಮುರಬ್ಬದ ಹಳೆಯ ಬಾಟಲಿಯಲ್ಲಿ ನೀರು ತುಂಬಿ ಅದರೊಳಗೆ ಇಟ್ಟಿರುತ್ತಿದ್ದ ಕಟ್ಟುಹಲ್ಲಿನ ಸೆಟ್ಟು. ಎರಡು ವರ್ಷ ಸರದಿಯಲ್ಲಿ ನಿಂತು ಪಡೆದದ್ದು. ಒಮ್ಮೆ ಸ್ನಾನದ ಮನೆಯ ಕೊಳಾಯಿಯ ಬಳಿ ಮರೆತು ಬಂದು ಅರ್ಧ ದಿನ ಅತ್ತಿದ್ದ. ಅಂದಿನಿಂದ ಅಲ್ಲಿಗೆ ಅದನ್ನು ಒಯ್ಯುತ್ತಿರಲಿಲ್ಲ. ಹಲ್ಲು ಬಂದ ಮೊದಲ ವಾರ ಅವನು ಕಂಡಕಂಡವರಿಗೆಲ್ಲ ನಕ್ಕಿದ್ದ, ಪೊಲೀಸರಿಗೂ. ಅವನು ಮೂಲೆ ತಿರುಗಿ ಹೋದ ಹತ್ತು ನಿಮಿಷಕ್ಕೆ ಬೀದಿ ತೆರವು ಮಾಡುವವರ ಲಾರಿ ಬಂತು. ಅವರು ಯಾವ ಕಚೇರಿಯವರೆಂದು ಅಂಗಿಯ ಬೆನ್ನಿನ ಮೇಲೆ ಬರೆದಿರುತ್ತಿತ್ತು, ಓದುವಷ್ಟು ಹೊತ್ತು ಯಾರೂ ನಿಲ್ಲುತ್ತಿರಲಿಲ್ಲ. ಮೊದಲು ನೀರಿನ ಪೈಪು, ಆಮೇಲೆ ಪೊರಕೆ, ಆಮೇಲೆ ಮನುಷ್ಯರು. ಒಬ್ಬರಿಗೆ ಒಂದು ಚೀಲ, ಒಂದು ಕಂಬಳಿ, ಉಳಿದದ್ದು ಲಾರಿಗೆ. ನೆಲ್ಸಿಯ ಬಳಿ ಆಗಲೇ ಒಂದು ಹೆಚ್ಚಿತ್ತು: ತನ್ನ ಬಟ್ಟೆಯ ಗಂಟು, ಜೊತೆಗೆ ಹಳೆಯ ಸಂಚಿಕೆಯ ಮಾರದೆ ಉಳಿದ ಪ್ರತಿಗಳ ಕಟ್ಟು. ಎದುರು ನಿಂತವನು ಹುಡುಗನಂತಿದ್ದ, ಚಳಿಗೆ ಮೂಗು ಕೆಂಪಾಗಿತ್ತು, ತಳ್ಳಲಿಲ್ಲ, ಗದರಲಿಲ್ಲ. ಪತ್ರಿಕೆಯ ಕಟ್ಟನ್ನು ನೋಡಿಯೂ ನೋಡದವನ ಹಾಗೆ ಬಿಟ್ಟು, ನೀಲಿ ಚೀಲವನ್ನು ಬೂಟಿನ ತುದಿಯಿಂದ ಮುಟ್ಟಿ, "ಅಮ್ಮಾ, ಇದು ಯಾರದು?" ಎಂದು ಮರ್ಯಾದೆಯಿಂದಲೇ ಕೇಳಿದ.

"ನನ್ನದಲ್ಲ."

ಅದು ಸುಳ್ಳಲ್ಲ. ಅಲ್ಲವೆಂಬುದೇ ಅವಳನ್ನು ಅಷ್ಟು ದಿನ ಕೊರೆಯಿತು. ವಲ್ಮೋರನದು, ಈಗ ಬರುತ್ತಾನೆ, ಎರಡು ನಿಮಿಷ ತಡೆಯಪ್ಪ ಎಂದು ಹೇಳಬಹುದಿತ್ತು. ಹೇಳಿದ್ದರೆ ಆ ಕೆಂಪು ಮೂಗಿನವನು ತಡೆಯುತ್ತಿದ್ದನೇನೋ. ಅವನು ಒರಟನಾಗಿದ್ದರೆ ಈ ಸಂಶಯವಾದರೂ ಇರುತ್ತಿರಲಿಲ್ಲ. ಮಾತು ಮುಂದುವರಿದರೆ ಅವನ ಕಣ್ಣು ತನ್ನ ಎರಡನೆಯ ಕಟ್ಟಿನ ಮೇಲೆ ಬಿದ್ದೀತೆಂದು ಅವಳು ಅಲ್ಲಿಗೇ ನಿಲ್ಲಿಸಿದಳು. ಚೀಲ ಲಾರಿಯೊಳಕ್ಕೆ ಬಿದ್ದಾಗ ಬಾಟಲಿ ಯಾವುದಕ್ಕೋ ತಾಕಿದ ಸದ್ದು ಕೇಳಿಸಿತು. ಉಳಿಸಿಕೊಂಡ ಪತ್ರಿಕೆಗಳ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ನಾವು ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ. ತಲೆ ಬಾಚಿಕೊಂಡು, ಸೋಪಿನ ವಾಸನೆ ಬೀರುತ್ತ, ಹತ್ತು ವರ್ಷ ಚಿಕ್ಕವನಾಗಿ ವಾಪಸು ಬಂದ ವಲ್ಮೋರ್ ಒದ್ದೆ ನೆಲವನ್ನು ನೋಡಿದ. "ಎಲ್ಲೇ ನನ್ನ ಬಾಯಿ?" ಅಂದ. ನೆಲ್ಸಿ, "ಕಿತ್ಕೊಂಡ್ರು ತಾತ" ಅಂದಳು. ಈ ಎರಡನೆಯದು ಸುಳ್ಳು. ಇದನ್ನು ಹೇಳುವುದು ಮೊದಲನೆಯದಕ್ಕಿಂತ ಸುಲಭವಾಗಿತ್ತು.

ಟ್ಯಾಕ್ಸಿಯೊಂದು ನಿಂತಿತು. ಇವಳು ಓಡಿ ಹೋಗಿ ಕಿಟಕಿಗೆ ಬಾಗುವ ಮುಂಚೆಯೇ ಹಸಿರು ಬಂದು ಅದು ಹೊರಟುಬಿಟ್ಟಿತು. ಮತ್ತೆ ಕಂಬಕ್ಕೆ ಬಂದಳು.

ಒಂದು ತಿಂಗಳು ಅವಳು ಅವನಿಗೆ ಬ್ರೆಡ್ಡು ನೆನೆಸಿ ಕೊಟ್ಟಳು. ಹಾಲು ಸಿಕ್ಕರೆ ಹಾಲಿನಲ್ಲಿ, ಇಲ್ಲದಿದ್ದರೆ ಬಿಸಿನೀರಿನಲ್ಲಿ. ಕಡಲೆಯಂಥ ಕಪ್ಪು ಹುರುಳಿಯನ್ನು ಚಮಚದ ಬೆನ್ನಿನಿಂದ ಅರೆದು, ಮಾಂಸದ ಚೂರು ಸಿಕ್ಕ ದಿನ ಅದನ್ನು ಎಳೆ ಎಳೆಯಾಗಿ ಹಿಂಜಿ. ವಲ್ಮೋರ್ ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿತ. ಕಾರುಗಳ ಹತ್ತಿರ ಹೋಗಿ ಏನೂ ಹೇಳದೆ ಪತ್ರಿಕೆಯನ್ನು ಎತ್ತಿ ತೋರಿಸುತ್ತಿದ್ದ. ಜನ ಅವನನ್ನು ಮೂಗನೆಂದುಕೊಂಡು ಜೋರಾಗಿ, ಬಿಡಿಬಿಡಿಯಾಗಿ ಮಾತಾಡಿಸುತ್ತಿದ್ದರು. ವಶಪಡಿಸಿಕೊಂಡ ವಸ್ತುಗಳ ಉಗ್ರಾಣಕ್ಕೆ ಹೋಗಿ ಕೇಳಿದಾಗ ಗುರುತಿನ ಚೀಟಿ ತನ್ನಿ ಅಂದರಂತೆ. ಚೀಟಿ ಆ ಚೀಲದಲ್ಲಿಯೇ ಇದೆ ಎಂದು ಇವನು ಕೈ ಅಡ್ಡ ಹಿಡಿದುಕೊಂಡೇ ಹೇಳಿದನಂತೆ. ಕೈ ತೆಗೆದು ಸರಿಯಾಗಿ ಮಾತಾಡಿ ಅಂದರಂತೆ. ಅದನ್ನೆಲ್ಲ ಇವಳಿಗೆ ಹೇಳಿ, "ನೀನೊಬ್ಬಳು ಅಲ್ಲಿದ್ಯಲ್ಲ, ಅಷ್ಟೇ ಸಮಾಧಾನ. ಕಿತ್ಕೊಳ್ಳೋವಾಗ ನಿನಗೇನಾದ್ರೂ ಹೊಡೆದಿದ್ರೆ?" ಅಂದ. ಮುಂಜಾನೆ ಅವನು ಸೋರೆಬುರುಡೆಯಲ್ಲಿ ಸೊಪ್ಪು ತುಂಬಿ ಬಿಸಿನೀರು ಹೊಯ್ದು ಶಿಮರಾಂವ್ ಎಂಬ ಕಹಿ ಕಷಾಯ ಮಾಡುತ್ತಿದ್ದ. ಹಲ್ಲಿಲ್ಲದವನಿಗೂ ಲೋಹದ ನಳಿಗೆಯಿಂದ ಹೀರಲು ಬರುತ್ತಿದ್ದ ಒಂದೇ ಸುಖ. ತಾನು ಕುಡಿದು, ಮತ್ತೆ ನೀರು ಹೊಯ್ದು, ಇವಳಿಗೆ ಕೊಡುತ್ತಿದ್ದ. ಅಂದು ಇವಳ ಬಾಯಿಂದ ತಡೆಯುವುದರೊಳಗೆ "ಉಪಕಾರ ಆಯ್ತು ತಾತ" ಎಂದು ಬಂದುಬಿಟ್ಟಿತು. ಆ ಬುರುಡೆಯ ಸುತ್ತಿನಲ್ಲಿ ಕೂತವರು ಉಪಕಾರ ಹೇಳಿದರೆ ನನಗಿನ್ನು ಸಾಕು, ನನ್ನನ್ನು ಬಿಟ್ಟು ಮುಂದೆ ಕೊಡಿ ಎಂದು ಅರ್ಥ. ಇವಳು ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ. ವಲ್ಮೋರ್ ಚಾಚಿದ ಕೈಯನ್ನು ಹಾಗೆಯೇ ಇಟ್ಟುಕೊಂಡು, "ಏನೇ, ನನ್ನ ಬಾಯಿ ಅಷ್ಟು ನಾರ್ತದಾ?" ಎಂದು ಕೇಳಿದ. ನಗಿಸಲೆಂದೇ ಕೇಳಿದ್ದು. ಅವಳು ಆ ಹೊತ್ತಿಗೆ ಸತ್ತುಹೋಗಿದ್ದರೆ ಚೆನ್ನಾಗಿತ್ತು ಎಂದುಕೊಂಡಳು, ಸಾಯದೆ ಬುರುಡೆ ತೆಗೆದುಕೊಂಡು ಕುಡಿದಳು. ಬಾಯಿ ಸುಟ್ಟಿತು.

ಮಂಗಳವಾರ ಪತ್ರಿಕೆಯ ಸಭೆ. ಬ್ಯಾಂಕ್ ನೌಕರರ ಸಂಘದ ಹಿಂಗೋಣೆಯಲ್ಲಿ ಹಳೆಯ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂರುವುದು, ಬಾಯಿಗೆ ಬಂದದ್ದನ್ನು ಒಬ್ಬೊಬ್ಬರೇ ಹೇಳುವುದು, ಜುಸಾರ ಬರೆದುಕೊಳ್ಳುವುದು. ಜುಸಾರಳ ಕೈ ಓಡುವಷ್ಟು ವೇಗವಾಗಿ ಅವರಲ್ಲಿ ಯಾರ ಕೈಯೂ ಓಡುತ್ತಿರಲಿಲ್ಲ, ಜೈಲಿನಲ್ಲಿದ್ದಾಗ ಇತರರ ಪ್ರೇಮಪತ್ರ ಬರೆದು ಪಳಗಿದ ಕೈ ಅದು. ಬರೆದದ್ದನ್ನು ಗಟ್ಟಿಯಾಗಿ ಓದಿದ ಮೇಲೆ ಕೂತವರೆಲ್ಲ 'ಹೌದು' ಅನ್ನಬೇಕು. ಒಬ್ಬರು ಅನ್ನದಿದ್ದರೂ ಅದು ಅಚ್ಚಿಗೆ ಹೋಗದು. ಟೈಪು ಮಾಡಿಕೊಡುವ ನೋಯೆಲಿ ಒಂದು ಕಾಲದಲ್ಲಿ ದೊಡ್ಡ ಪತ್ರಿಕೆಯಲ್ಲಿದ್ದವಳು. ಇಲ್ಲಿ ಅವಳೂ ಒಂದು ಅಲ್ಪವಿರಾಮ ಹಾಕಬೇಕಾದರೆ ಕೈಯೆತ್ತಿ ಕೇಳಬೇಕು. ನೆಲ್ಸಿ ಓದು ಕಲಿತದ್ದು ಆ ಕೋಣೆಯಲ್ಲಿಯೇ, ತಾನು ಹೇಳಿದ ಮಾತು ಅಕ್ಷರವಾಗಿ ಕೂತದ್ದನ್ನು ಬೆರಳಿಂದ ಮುಟ್ಟಿ ಮುಟ್ಟಿ. 'ಸಜ್ಜದಡಿ'ಯಲ್ಲಿ 'ನಾನು' ಎಂಬ ಪದವಿಲ್ಲ. ಮೊದಲ ಸಂಚಿಕೆಯಲ್ಲಿ ಒಬ್ಬ ತನ್ನ ಹೆಸರು ಹಾಕಿ, ತಾನು ಮಲಗುವ ಜಾಗ ಬರೆದ. ಮೂರನೆಯ ದಿನ ಅವನ ಮೇಲೆ ಯಾರೋ ಪೆಟ್ರೋಲು ಸುರಿದರು. ಹೇಗೋ ಬದುಕಿಕೊಂಡ. ಮನೆಯಿಲ್ಲದವರು ಹೆಸರು ಹಾಕಿದರೆ ವಿಳಾಸ ಕೊಟ್ಟ ಹಾಗೆ. ಅಂದಿನಿಂದ ಎಲ್ಲವೂ 'ನಾವು'. ಹಸಿದವರು ನಾವು, ಕದ್ದವರು ನಾವು, ಹೆರಿಗೆಯಾದವರೂ ನಾವೇ.

ಆ ಮಂಗಳವಾರ ಲಾರಿಯ ಮೇಲಿನ ಬರಹ ಮುಗಿಸಬೇಕಿತ್ತು. ಜುಸಾರ ಎದ್ದುನಿಂತು ಓದಿದಳು: "ಅವರು ನಮ್ಮ ತಾತನೊಬ್ಬನ ಚೀಲವನ್ನು ಕಿತ್ತುಕೊಂಡರು. ಅದರಲ್ಲಿ ಅವನ ಹಲ್ಲಿತ್ತು. ಇಡೀ ಊರು ಹಲ್ಲು ಕಿರಿದು ನಗುತ್ತಿರುವಾಗ ಒಬ್ಬ ಮುದುಕನ ನಗುವನ್ನು ಲಾರಿಯಲ್ಲಿ ಹಾಕಿಕೊಂಡು ಹೋದರು."

"ಭಪ್ಪರೆ!" ಅಂದ ಗಿಲ್ಮಾರ್. ಅವನು ಸುತ್ತಿನಲ್ಲಿ ಸದಾ ಕಾಲು ಚಾಚಿ ಕೂರುವವನು, ತಮಾಷೆಯವನು. "ತಾತಾ, ನಿನ್ನ ಹಲ್ಲು ನಿನಗಿಂತ ಫೇಮಸ್ಸು ಆಯ್ತು ಬಿಡು. ಹೌದು ಅನ್ರಪ್ಪ ಎಲ್ಲ, ಚಹಾ ಆರ್ತಿದೆ."

ಹೌದು, ಹೌದು ಎಂಬುದು ಕುರ್ಚಿಯಿಂದ ಕುರ್ಚಿಗೆ ದಾಟುತ್ತ ಬಂತು. ನೆಲ್ಸಿಯ ಬಳಿಗೆ ಬಂದು ನಿಂತಿತು.

"ಕಿತ್ಕೊಳ್ಳಲಿಲ್ಲ" ಅಂದಳು.

"ಏನು?"

"ಕಿತ್ಕೊಳ್ಳಲಿಲ್ಲ. ಕೇಳಿದ್ರು. ಯಾರದು ಅಂತ ನನ್ನ ಕೇಳಿದ್ರು. ನನ್ನದಲ್ಲ ಅಂದೆ."

ವಲ್ಮೋರ್ ಅವಳ ಪಕ್ಕದಲ್ಲೇ ಕೂತಿದ್ದ. ಅವಳು ಅವನ ಕಡೆ ತಿರುಗಲಿಲ್ಲ. ಅವನ ಮೊಣಕಾಲು ತನ್ನ ಮೊಣಕಾಲಿನಿಂದ ಮೆಲ್ಲಗೆ ಸರಿದುಹೋದದ್ದಷ್ಟೇ ತಿಳಿಯಿತು.

"ಅಯ್ಯೋ ಮಾರಾಯ್ತಿ" ಎಂದು ಗಿಲ್ಮಾರ್ ಕಾಲು ಮಡಿಸಿ ನೆಟ್ಟಗೆ ಕೂತ, "ನಿನ್ನ ಹೊಟ್ಟೇಲಿ ಇಟ್ಕೊಂಡಿರೋದಲ್ವಾ? ಈ ಸಾಲು ಅಚ್ಚಾದ್ರೆ ಲಾರಿಯವರು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕ್ತಾರೆ. ನೋಡಿ ಸ್ವಾಮಿ, ಅವರೇ ಬಿಟ್ಟು ಹೋಗಿದ್ದು, ನಾವು ಬರೀ ಕಸ ಎತ್ತಿದ್ದು ಅಂತಾರೆ."

ನೋಯೆಲಿ ಕೈಯೆತ್ತಿದಳು, ಎತ್ತಿ ಇಳಿಸಿದಳು.

"ಅಂದ್ರೆ ಅನ್ಲಿ," ಜುಸಾರ ಹೇಳಿದಳು. "ಒಬ್ಬರಿಗೆ ಒಂದೇ ಚೀಲ ಅಂತ ಮಾಡಿದ್ದು ಯಾರು? ಇವಳಾ? ಮನೆ ಇರೋರ ಬಾಗಿಲು ತಟ್ಟಿ ಯಾರಾದ್ರೂ ಕೇಳ್ತಾರಾ, ನಿಮ್ಮನೇಲಿ ಎಷ್ಟು ಚೀಲ ಇದೆ, ಒಂದು ಬಿಟ್ಟು ಮಿಕ್ಕಿದ್ದು ತನ್ನಿ ಅಂತ? ಅವರು ಲಾರಿ ತಂದಿದ್ದು ನಮ್ಮ ಚೀಲ ಎತ್ತೋಕೆ ಮಾತ್ರ ಅಲ್ಲ ಕಣೋ. ನಮ್ಮ ಬಾಯಿಂದ ಈ ಮಾತು ಹೊರಡಿಸೋಕೆ. ಕಿತ್ಕೊಂಡ್ರು ಅಂತ ಬರೆದ್ರೆ ಇದನ್ನ ಮುಚ್ಚಿಟ್ಟ ಹಾಗೆ." ಆಮೇಲೆ ನೆಲ್ಸಿಯ ಕಡೆ ತಿರುಗಿ, ಪೆನ್ನು ಕಾಗದಕ್ಕೆ ಊರಿ, "ಹೇಳು. 'ಯಾರದು ಅಂತ ಕೇಳಿದರು. ನಮ್ಮದಲ್ಲ ಅಂದೆವು.'"

"ನನ್ನದಲ್ಲ ಅಂದೆ."

"ಇಲ್ಲಿ 'ನಾನು' ಇಲ್ಲ, ಗೊತ್ತಲ್ಲ ನಿನಗೆ."

"ಈ ಒಂದು ಸಲ ಹಾಕು. ನೀನು ಅಲ್ಲಿರಲಿಲ್ಲ. ಇವರ್ಯಾರೂ ಇರಲಿಲ್ಲ. ನಾನು ಅಂದಿದ್ದು ನನಗೇ ಇರಲಿ."

ಆಮೇಲೆ ಗಿಲ್ಮಾರ್, ತಮಾಷೆಯ ದನಿ ಬಿಟ್ಟು, ಒಂದು ಕ್ರಿಸ್‌ಮಸ್ಸಿನಲ್ಲಿ ಬಸ್ ನಿಲ್ದಾಣದಲ್ಲಿ ತನ್ನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ತೋರಿಸಿ ಗೆಳೆಯರು 'ನಿಮ್ಮಮ್ಮನಾ?' ಎಂದು ಕೇಳಿದರೆ ತಾನು 'ಯಾರೋ ಗೊತ್ತಿಲ್ಲ' ಅಂದದ್ದನ್ನು ಹೇಳಿದ. ಕೈಯಲ್ಲಿ ತಿಂಡಿಯ ಡಬ್ಬಿ ಇತ್ತು ಅವಳಿಗೆ, ಎಂದ. ಜುಸಾರ ತಲೆಯೆತ್ತದೆ, ಶವಾಗಾರದಲ್ಲಿ ಹಾಳೆ ಮುಂದೆ ಹಿಡಿದು ಸಂಬಂಧಿಕರಾ ಎಂದು ಕೇಳಿದಾಗ ಮಣ್ಣು ಮಾಡಲು ಗತಿಯಿಲ್ಲದೆ ಅಲ್ಲ ಅಂದೆ, ಅಣ್ಣ ಅವನು, ಎಂದಳು. ಹೇಳುತ್ತ ಅದನ್ನೂ ಬರೆದುಕೊಂಡಳು, ಅಷ್ಟೇ ವೇಗವಾಗಿ. ಇನ್ನೂ ಇಬ್ಬರು ಹೇಳಿದರು. ನೆಲ್ಸಿಗೆ ಆಗ ಬೆಚ್ಚಗೆನಿಸಿತು, ಅದನ್ನು ಅವಳು ನಂಬಲಿಲ್ಲ. ತನ್ನ ಮೇಲೆ ಎಲ್ಲರೂ ಸೇರಿ ಒಂದು ದೊಡ್ಡ ಕಂಬಳಿ ಹೊದಿಸುತ್ತಿದ್ದಾರೆ; ಹಲ್ಲು ಕಳೆದುಕೊಂಡವನು ಮಾತ್ರ ಹೊರಗೆ ಚಳಿಯಲ್ಲಿ ಕೂತಿದ್ದಾನೆ. ಜುಸಾರ ಮತ್ತೆ ಎದ್ದು ಓದಿದಳು. ಹೌದು, ಹೌದು. ನೆಲ್ಸಿ ನೆಲ ನೋಡುತ್ತ ಹೌದು ಅಂದಳು. ವಲ್ಮೋರನ ಸರದಿ ಬಂದಾಗ ಅವನು ಬಾಯಿಗೆ ಕೈ ಅಡ್ಡ ಹಿಡಿದು, ಗೋಡೆಗೆ ಹೇಳುವವನ ಹಾಗೆ "ಹೌದು" ಅಂದು, ಟೋಪಿ ಹಾಕಿಕೊಂಡು ಹೊರಟುಹೋದ. ಬಾಗಿಲನ್ನು ದಬ್ಬಲಿಲ್ಲ, ಮೆಲ್ಲಗೆ ಎಳೆದುಕೊಂಡು ಹೋದ. ಸಜ್ಜದಡಿಗೆ ಇವಳು ಹೋಗಿ ನೋಡಿದಾಗ ಗೋಡೆಯ ಕಡೆ ಅವನು ಹಾಸಿಕೊಳ್ಳುತ್ತಿದ್ದ ರಟ್ಟು ಇರಲಿಲ್ಲ.

ಮೊದಲು ತಪ್ಪಿಹೋದ ಟ್ಯಾಕ್ಸಿಯೇ ಸುತ್ತು ಹಾಕಿ ಬಂದಿತ್ತು. ನರೆತ ಮೀಸೆಯ ಚಾಲಕ ಪ್ರತಿ ಸಂಚಿಕೆ ಕೊಳ್ಳುವವನು, ಕೊಂಡದ್ದನ್ನು ಅಲ್ಲೇ ಸ್ಟಿಯರಿಂಗಿನ ಮೇಲೆ ಹರಡಿ ಓದುವವನು, ಹಿಂದಿನವರು ಹಾರ್ನ್ ಹೊಡೆದರೂ ಕದಲದವನು. ಮೂರನೆಯ ಪುಟಕ್ಕೇ ಹೋದ. ತುಟಿ ಅಲ್ಲಾಡಿಸುತ್ತ ಓದಿ, ಕನ್ನಡಕದ ಮೇಲಿಂದ ನೋಡಿದ.

"ಯಾರು ಹಿಂಗಂದಿದ್ದು?"

ನೋಡಿ ಅಚ್ಚಾಗಿದೆಯಲ್ಲ ಎನ್ನಬಹುದಿತ್ತು. ಇಷ್ಟು ಜನ ಹೊದಿಸಿದ ಕಂಬಳಿ ಇತ್ತು.

"ನಾನು."

"ಇಲ್ಲಿ ಅಂದೆವು ಅಂತಿದೆ?"

"ಅಚ್ಚಲ್ಲಿ ಹಾಗಿದೆ. ಅಂದಿದ್ದು ನಾನು."

ಅವನು ಮೀಸೆ ಒರೆಸಿಕೊಂಡ. ಬೈಯುತ್ತಾನೆಂದುಕೊಂಡಳು. "ಇನ್ನೊಂದು ಕೊಡು, ಮನೆಗೆ" ಎಂದು ತೆಗೆದುಕೊಂಡು ಹೋದ. ಆಮೇಲೆ ಕೊಂಡ ನರ್ಸಿಗೂ ಅವಳು ಹೇಳಿದಳು, ಕೇಳದಿದ್ದರೂ. ಪುಸ್ತಕದ ಚೀಲ ಹೊತ್ತ ಮಾಸ್ತರನಿಗೂ ಹೇಳಿದಳು; ಅವನು ಅರ್ಥವಾಗದೆ ತಲೆಯಾಡಿಸಿದ. ಹೇಳಿದಷ್ಟೂ ಹಗುರಾಗಲಿಲ್ಲ. ಹೇಳದಿರಲು ಆಗಲಿಲ್ಲ.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹಿಂದಿನಿಂದ ಯಾರೋ ಅವಳ ಹಸಿರು ಅಂಗಿಯ ಚುಂಗು ಎಳೆದರು.

"ಏನೇ ಅದು, ಬಂದೋರಿಗೆಲ್ಲ ನಾನು ನಾನು ಅಂತ ಸಾರ್ತಿದೀಯಂತೆ? ಟ್ಯಾಕ್ಸಿಯೋನು ಹೇಳ್ದ."

ವಲ್ಮೋರ್. ಹಸಿರು ಅಂಗಿ, ಕಂಕುಳಲ್ಲಿ ಕಟ್ಟು. ಗಡ್ಡ ಹನ್ನೊಂದು ದಿನದ್ದು. ನೆಲ್ಸಿ ತಿರುಗಿದಳು. "ನಾನೇ ಅಲ್ವಾ ತಾತ ಅಂದಿದ್ದು" ಎಂದಳು.

"ಹಾಗಾದ್ರೆ ಪತ್ರಿಕೆ ಸುಳ್ಳಾ? ಸುಳ್ಳು ಪತ್ರಿಕೆ ತಗೊಳ್ಳಿ ಅಂತ ಮಾರ್ತಿದೀಯಾ? ಒಳ್ಳೆ ವ್ಯಾಪಾರಿ!" ಅವನು ಕಟ್ಟಿನಿಂದ ಒಂದು ಪ್ರತಿ ಎಳೆದು ಅವಳ ಮೂಗಿನ ಕೆಳಗೆ ಹಿಡಿದ. "ನಾನು ಹೌದು ಅಂದಾಗ ಸಿಟ್ಟಲ್ಲಿ ಕಿವಿ ಕಿವುಡಾಗಿತ್ತು. ಬೆಳಿಗ್ಗೆ ಕೂತು ಓದಿದೆ. ನಮ್ಮದಲ್ಲ ಅಂದೆವು. ಅಂದೆ-ವು! ಅದರಲ್ಲಿ ನಾನೂ ಇದೀನಲ್ಲೇ, ಕತ್ತೆ? ನನ್ನ ಹಲ್ಲಿಗೆ ನಾನೇ ನನ್ನದಲ್ಲ ಅಂದಂಗಾಯ್ತಲ್ಲ! ಹನ್ನೊಂದು ದಿನ ನಿನ್ನ ಮೇಲೆ ಸಿಟ್ಟು ಮಾಡ್ಕೊಂಡೆ. ಈಗ ನನ್ನ ಮೇಲೂ ಮಾಡ್ಕೋಬೇಕು. ಗಿಲ್ಮಾರನ ಮೇಲೆ, ಜುಸಾರಳ ಮೇಲೆ, ಆ ನೋಯೆಲಿ ಮೇಲೆ. ಈ ವಯಸ್ಸಲ್ಲಿ ಒಬ್ಬ ಮನುಷ್ಯ ಎಷ್ಟು ಅಂತ ಸಿಟ್ಟು ಮಾಡ್ಕೊಳ್ಳಲಿ ಹೇಳು?"

ಹೇಳುತ್ತ ಹೇಳುತ್ತ ಅವನಿಗೇ ನಗು ಬಂತು. ಕೈ ಅಡ್ಡ ಬರಲಿಲ್ಲ; ಎರಡು ಕೈಯಲ್ಲೂ ಪತ್ರಿಕೆಯಿತ್ತು. ಮಗುವಿನ ಒಸಡಿನ ಹಾಗೆ ಗುಲಾಬಿಯಾಗಿ, ಖಾಲಿಯಾಗಿ, ಆ ಬಾಯಿ ಬಿಸಿಲಿಗೆ ತೆರೆದುಕೊಂಡಿತು. ನೆಲ್ಸಿ ನಗಲಾರದೆ ಅಳಲಾರದೆ ಮೂಗೊರೆಸಿಕೊಂಡಳು.

"ಕ್ಷಮಿಸಿದೀನಿ ಅಂದ್ಕೋಬೇಡ," ಅವನು ನಗು ನಿಲ್ಲಿಸಿ ಅಂದ. "ಅದೆಲ್ಲ ಇಲ್ಲ. ಸುಳ್ಳು ಹೇಳಿದ್ಯಲ್ಲ ಆಮೇಲೆ, ಕಿತ್ಕೊಂಡ್ರು ಅಂತ, ಅದು ಇನ್ನೂ ಇಲ್ಲಿ ಚುಚ್ತದೆ. ಅದು 'ವು' ಅಲ್ಲ. ಅದು ನಿಂದೇ."

"ನಂದೇ."

"ಹನ್ನೊಂದು ದಿನ ಒಣ ಬ್ರೆಡ್ಡು ಚೀಪಿ ಚೀಪಿ ಒಸಡು ಹುಣ್ಣಾಗಿದೆ. ಇವತ್ತು ನೆನೆಸು. ಹಾಲಲ್ಲಿ."

ಅವನು ರಸ್ತೆ ದಾಟಿ ತನ್ನ ಕಂಬದ ಬುಡಕ್ಕೆ ಹೋದ. ಮೊದಲು ಸಿಕ್ಕಿದ ಕಾರಿನ ಕಿಟಕಿಗೆ ಬಾಗಿ, ಬಾಯಿ ಅಗಲಕ್ಕೆ ತೆರೆದು, ಅದರೊಳಗೆ ಬೆರಳು ತೋರಿಸಿ ಕೂಗತೊಡಗಿದ: "ಪುಟ ಮೂರು! ಪುಟ ಮೂರು ಓದಿ ಸ್ವಾಮಿ, ಸಾಕ್ಷಿ ಇಲ್ಲಿದೆ ನೋಡಿ!" ಒಂದು ಗಾಜು ಸರ್ರನೆ ಏರಿತು, ಪಕ್ಕದ ಕಾರಿನದು ಇಳಿಯಿತು. ಆಮೇಲೆ ದೀಪ ಬದಲಾಗಿ ಅವನ ಸಾಲು ಹೊರಟು, ಇವಳ ಕಡೆಯ ಸಾಲು ಒಂದರ ಹಿಂದೊಂದು ಬಂದು ನಿಂತಿತು. ನೆಲ್ಸಿ ಇನ್ನೂ ಅಲ್ಲೇ ನಿಂತಿದ್ದಳು.

"ಏನೇ ಗರ ಬಡಿದೋಳ ಹಾಗೆ ನಿಂತಿದೀಯ," ಆಚೆ ಕಂಬದಿಂದ ಅವನು ಗದರಿದ, "ನಿನ್ನ ಕಡೆ ಕೆಂಪು ಬಿತ್ತು, ನಡಿ!"